ಘತ್ತರಗಿಯ ಸೂಲಗಿತ್ತಿಯ ಕೈ

೧೯೪೪ರಲ್ಲಿ ನಾನು ಅಫಜಲಪುರದ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಲೇಡಿ ಡಾಕ್ಟರ್ ಬೇಕೆಂದರೆ ಕಲಬುರಗಿಗೇ ಹೋಗಬೇಕಿತ್ತು. ಹೆರಿಗೆಗೆ ಗಂಡಸು ಡಾಕ್ಟರನ್ನು ಕರೆಯುವ ರೂಢಿ ಹಳ್ಳಿಗಳಲ್ಲಿ ಇರಲಿಲ್ಲ.

ಮಳೆಗಾಲದ ಆರಂಭದಲ್ಲಿ ಘತ್ತರಗಿಯಿಂದ ಗುರುಬಸವ್ವ ಎಂಬ ಸೂಲಗಿತ್ತಿ ಬಂದಳು. ಅರವತ್ತರ ಹತ್ತಿರದ ವಯಸ್ಸು. ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಬೆರಳುಗಳನ್ನು ಸುಟ್ಟುಕೊಂಡಿದ್ದಳು. ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾಯಿತಂತೆ. ಊರಿನವರು ಕುಷ್ಠವೆಂದು ಪಿಸುಗುಡುತ್ತಿದ್ದರು.

ಕಣ್ಣು ಮುಚ್ಚಿಸಿ ಹತ್ತಿಯಿಂದ, ಆಮೇಲೆ ಪಿನ್ನಿನಿಂದ ಮುಟ್ಟಿ ನೋಡಿದೆ. ಮಣಿಕಟ್ಟಿನ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಪಾದಗಳು ಅದಕ್ಕೂ ಮುಂಚೆಯೇ ಜೋಮು ಹಿಡಿದಿದ್ದವು. ಹೆಬ್ಬೆರಳಿನ ಬುಡದ ಮಾಂಸ ಕರಗಿತ್ತು, ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಆದರೆ ಕುಷ್ಠದ ಮಚ್ಚೆಯಾಗಲಿ, ದಪ್ಪಗಾದ ನರವಾಗಲಿ ಎಲ್ಲೂ ಕಾಣಲಿಲ್ಲ. ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿದಾಗ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ಸಕ್ಕರೆ ಅಷ್ಟಿತ್ತು. ಡಯಾಬಿಟೀಸ್ ಬಹಳ ವರ್ಷ ಒಳಗೇ ಇದ್ದು ನರಗಳನ್ನು ಕೆಡಿಸಿತ್ತು. ವೈದ್ಯರು ಇದನ್ನು ನ್ಯೂರೈಟಿಸ್ ಎನ್ನುತ್ತಿದ್ದರು.

ಇದು ಅಂಟುರೋಗವಲ್ಲ ಎಂದಾಗ ಆಕೆಗೆ ಸಮಾಧಾನವಾಯಿತು. ಇನ್ನು ಮುಂದೆ ಒಬ್ಬಳೇ ಹೆರಿಗೆ ಮಾಡಿಸಬೇಡ ಎಂದಾಗ ಮುಖ ಬಾಡಿತು. ಊರಲ್ಲಿ ಬೇರೆ ಯಾರಿದ್ದಾರೆಂದು ಕೇಳಿದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಟುಹೋದಳು.

ಶ್ರಾವಣದ ಒಂದು ಬೆಳಿಗ್ಗೆ ಘತ್ತರಗಿಯಿಂದ ಬಂಡಿ ಬಂತು. ಕಾಶವ್ವ ಎಂಬ ಹುಡುಗಿಗೆ ಹಿಂದಿನ ದಿನದಿಂದ ಹೆರಿಗೆ ನೋವು, ಗುರುಬಸವ್ವ ತಕ್ಷಣ ಬರಹೇಳಿದ್ದಾಳೆ ಎಂದು ಬಂಡಿಯವನು ಹೇಳಿದ. ಕಂಪೌಂಡರನ್ನು ಕರೆದುಕೊಂಡು, ಕ್ಲೋರೋಫಾರ್ಮ್ ಹಿಡಿದು ಹೊರಟೆ. ಕರಿಮಣ್ಣಿನ ಕೆಸರಿನಲ್ಲಿ ಗಾಲಿಗಳು ಹೂತು ಹೂತು, ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಕಾಶವ್ವನ ಅತ್ತೆ ಶಿವಲಿಂಗವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಗಂಡಸನ್ನು ಒಳಗೆ ಬಿಡುವುದಿಲ್ಲ, ಗುರುಬಸವ್ವ ಇದ್ದಾಳಲ್ಲ ಎಂಬುದು ಅವಳ ಹಟ. ಒಳಗಿನ ನರಳಾಟ ಕ್ಷೀಣಿಸುತ್ತಿತ್ತು. ನಾನು ಎಷ್ಟು ಬೇಡಿಕೊಂಡರೂ ಅವಳು ಕದಲಲಿಲ್ಲ.

ಆಗ ಗುರುಬಸವ್ವ ಹೊರಗೆ ಬಂದಳು. ಅಂಗಳದ ಸೌದೆ ರಾಶಿಯಿಂದ ಒಂದು ಜಾಲಿಮುಳ್ಳು ಮುರಿದು ಎಲ್ಲರೆದುರು ತನ್ನ ತೋರುಬೆರಳಿಗೆ ಒತ್ತಿದಳು. ರಕ್ತ ಬಂತು. ಆಕೆಯ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ನೋಡ್ರಿ, ನನಗ ಏನೂ ತಿಳಿವಲ್ದು. ತೆಲಿ ಬಂದದೋ ಭುಜ ಬಂದದೋ ಈ ಕೈಗೆ ಗೊತ್ತಾಗವಲ್ದು. ನಾ ಇದನ್ನ ಮುಚ್ಚಿಟ್ಟರ ಎರಡು ಜೀವ ಹೋಗತಾವ."

ಶಿವಲಿಂಗವ್ವ ಮುಳ್ಳನ್ನೂ ಆ ಬೆರಳನ್ನೂ ನೋಡುತ್ತ ನಿಂತಳು.

"ನೀ ಒಳಗ ಇರತೀ ಏನಬೇ?" ಎಂದು ಕೊನೆಗೆ ಕೇಳಿದಳು.

"ಆಕಿ ತೆಲಿದಿಂಬಿನ ಕಡೆ ಕುಂದರತೇನಿ. ಎಲ್ಲಿಗೂ ಹೋಗಂಗಿಲ್ಲ."

ಶಿವಲಿಂಗವ್ವ ಬಾಗಿಲು ಬಿಟ್ಟುಕೊಟ್ಟಳು.

ಕೂಸು ಅಡ್ಡ ಮಲಗಿತ್ತು, ಭುಜ ಮುಂದಾಗಿತ್ತು. ಇನ್ನು ತಡವಾದರೆ ಗರ್ಭಕೋಶವೇ ಹರಿಯುವ ಅಪಾಯ. ಕಂಪೌಂಡರ್ ಕ್ಲೋರೋಫಾರ್ಮ್ ಹನಿಸಿದ. ನಾನು ಕೈ ಒಳಗೆ ಹಾಕಿ ಕಾಲು ಹುಡುಕಿ, ಕೂಸನ್ನು ನಿಧಾನವಾಗಿ ತಿರುಗಿಸಿದೆ. ಮೈಯೆಲ್ಲ ಬಂದ ಮೇಲೆ ತಲೆ ಸಿಕ್ಕಿಕೊಂಡಿತು. ಆ ಕ್ಷಣದಲ್ಲಿ ನನ್ನ ಬೆರಳ ತುದಿಗಳ ಮೇಲೆಯೇ ಎಲ್ಲವೂ ನಿಂತಿತ್ತು. ಕೊನೆಗೆ ತಲೆಯೂ ಬಂತು.

ಕೂಸು ಅಳಲಿಲ್ಲ. ನೀಲಿಗಟ್ಟಿತ್ತು. ನಾನು ಬಾಯಿ ಸ್ವಚ್ಛ ಮಾಡಿ ಬೆನ್ನು ತಿಕ್ಕಿದೆ. ತಾಯಿಗೆ ರಕ್ತಸ್ರಾವ ಆರಂಭವಾದದ್ದರಿಂದ ಕೂಸನ್ನು ಗುರುಬಸವ್ವನ ಮಡಿಲಿಗೆ ಹಾಕಿ ಆ ಕಡೆ ತಿರುಗಲೇಬೇಕಾಯಿತು. ಅವಳು ಬೆರಳುಗಳನ್ನು ನಂಬಲಿಲ್ಲ. ಬಗ್ಗಿ ತನ್ನ ಕೆನ್ನೆಯನ್ನು ಕೂಸಿನ ಮೂಗಿನ ಹತ್ತಿರ ಹಿಡಿದು, ಮುಂಗೈಯಿಂದ ಅದರ ಬೆನ್ನು ತಿಕ್ಕತೊಡಗಿದಳು.

"ಸಾಹೇಬ್ರ, ಉಸಿರು ಅದ ರೀ," ಎಂದಳು. ಸ್ವಲ್ಪ ಹೊತ್ತಿಗೆ ಕೂಸು ಸಣ್ಣಗೆ ಅತ್ತಿತು. ತಾಯಿಯ ರಕ್ತವೂ ನಿಂತಿತು.

ಗುರುಬಸವ್ವನ ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ. ಯುದ್ಧದ ಕಾಲವಾದ್ದರಿಂದ ಇನ್ಸುಲಿನ್ ಸಿಗುವುದೇ ಅಪರೂಪ. ಊಟದ ಪಥ್ಯದಿಂದ ರೋಗ ಹೆಚ್ಚದಂತೆ ತಡೆದೆವು, ಅಷ್ಟೇ. ಆದರೆ ಯಾರ ಮನೆಯಲ್ಲಿ ಹೆರಿಗೆ ಕಷ್ಟವಾದರೂ ಆಕೆ ನನ್ನನ್ನು ಕರೆಸುತ್ತಿದ್ದಳು, ತಾನೂ ಜೊತೆಗೆ ಕೂರುತ್ತಿದ್ದಳು. ಅವಳು ಕೂತ ಮನೆಯಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ.

ಸಕ್ಕರೆ ರೋಗದವರು ಬಂದಾಗ ಅಂದಿನಿಂದ ನಾನು ಮೂತ್ರ ಪರೀಕ್ಷೆಗೂ ಮುಂಚೆ, ಅವರು ಕೈಯಿಂದ ಏನು ಕೆಲಸ ಮಾಡುತ್ತಾರೆಂದು ಕೇಳುತ್ತಿದ್ದೆ. ರೋಗ ಒಬ್ಬರದಾದರೂ ಆ ಕೈಯನ್ನು ನಂಬಿದವರು ಹಲವರು. ಅವರನ್ನೂ ಲೆಕ್ಕಕ್ಕೆ ಹಿಡಿಯದ ಚಿಕಿತ್ಸೆ ಅರ್ಧ ಚಿಕಿತ್ಸೆ ಮಾತ್ರ.