ಬೀಳಲೇಬೇಕಾದ ಸ್ವಿಚ್ಚು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಮೀನಿನ ವಾಸನೆ ಬಂತು. ಹಾಸನದ ಈ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು, ಬೇಳೆ, ಸೊಪ್ಪು, ಹುಳಿಪುಡಿ ಬಿಟ್ಟರೆ ನಮ್ಮ ಒಲೆ ಬೇರೇನನ್ನೂ ಕಂಡಿಲ್ಲ. ನಮ್ಮವರು ಕಾಫಿ ಲೋಟ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ, ಪಕ್ಕದ ಮನೆಯ ಕಡೆ ಮೂಗು ತಿರುಗಿಸಿ, "ಬೆಳಿಗ್ಗೆ ಬೆಳಿಗ್ಗೇನೇ ಶುರು ಹಚ್ಕೊಂಡಿದಾರೆ ನೋಡು" ಅಂದರು. ಪಾಪ, ಪಕ್ಕದ ಮನೆಯವರು ಊರಲ್ಲೇ ಇರಲಿಲ್ಲ. ನಾನು ಕಿಟಕಿಯ ಕಡೆ ಹೋಗಲಿಲ್ಲ. ಬಚ್ಚಲಮನೆಯ ಹೊರಗೋಡೆಯಲ್ಲಿರುವ ಕರೆಂಟಿನ ಪೆಟ್ಟಿಗೆಯ ಮುಂದೆ ನಿಂತು ಮೂಸಿದೆ. ವಾಸನೆ ಅಲ್ಲಿಂದಲೇ ಬರುತ್ತಿತ್ತು. ಮುಚ್ಚಳ ಅಂಗೈಗೆ ಬಿಸಿ ತಾಗಿತು. ಮೇನ್ ಆಫ್ ಮಾಡಿದೆ.

"ಪೆಟ್ಟಿಗೆ ಒಳಗೆ ಪ್ಲಾಸ್ಟಿಕ್ಕು ಕಾಯೋಕೆ ಶುರುವಾದ್ರೆ ಮೊದ್ಲು ಮೀನಿನ ವಾಸ್ನೆ ಬತ್ತದೆ ಕಣವ್ವ. ನಿಮ್ಗೆ ಆ ವಾಸ್ನೆನೇ ಗೊತ್ತಿಲ್ವಲ್ಲ, ಅದೇ ಕಷ್ಟ" ಎಂದು ನಗುತ್ತಿದ್ದವರು ಒಬ್ಬರಿದ್ದರು. ನಕ್ಕು ಸುಮ್ಮನಾದವರಲ್ಲ. ಒಂದು ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮೀನಿನ ಅಂಗಡಿಯ ಮುಂದೆ ನನ್ನನ್ನು ಎರಡು ನಿಮಿಷ ನಿಲ್ಲಿಸಿ, "ಮೂಸಿ, ನೆಪ್ಪಲ್ಲಿ ಮಡಿಕ್ಕಳಿ" ಅಂದಿದ್ದರು. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಅರ್ಚಕರ ಮಗಳು ಮೀನಿನ ಅಂಗಡಿಯ ಮುಂದೆ ಕಣ್ಣು ಮುಚ್ಚಿಕೊಂಡು ಉಸಿರೆಳೆಯುತ್ತಿದ್ದುದನ್ನು ನಮ್ಮೂರಿನವರು ಯಾರೂ ನೋಡಲಿಲ್ಲವೆಂಬುದೇ ನನ್ನ ಪುಣ್ಯ.

ಅವರು ನಮ್ಮ ಶೆಡ್ಡಿನ ಮೇಸ್ತ್ರಿ. ತೊಂಬತ್ತರ ದಶಕದ ನಡುವೆ ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದು ಹಾಸನದ ಹೊರಗಿನ ಒಂದು ಸಣ್ಣ ಶೆಡ್ಡಿಗೆ. ಅಕ್ಕಿ ಗಿರಣಿ, ಮರದ ಮಿಲ್ಲು, ಊರಿನ ನೀರಿನ ಪಂಪು, ಇವುಗಳಿಗೆ ಬೇಕಾದ ಎಲೆಕ್ಟ್ರಿಕ್ ಪ್ಯಾನಲ್ಲುಗಳನ್ನು ಅಲ್ಲಿ ಮಾಡುತ್ತಿದ್ದರು. ಆಳೆತ್ತರದ ತಗಡಿನ ಬೀರು, ಅದರೊಳಗೆ ಸಾಲಾಗಿ ಕೂರುವ ಸಾಮಾನು. ಯಾವ ಮೋಟರಿಗೆ ಎಷ್ಟರ ಬ್ರೇಕರು, ಯಾವ ಸ್ಟಾರ್ಟರು, ಯಾವ ರಿಲೇ ಎಂದು ಆರಿಸಿ ಪಟ್ಟಿ ಬರೆಯುವುದು ನನ್ನ ಕೆಲಸ. ಅವನ್ನು ಕೂರಿಸಿ ವೈರು ಎಳೆಯುವುದು ಮೇಸ್ತ್ರಿಯ ಕೆಲಸ. ಸಾಲಗಾಮೆ ಕಡೆಯವರು, ಆಗಲೇ ಐವತ್ತು ದಾಟಿತ್ತು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಓದಿದ್ದು ನಾಲ್ಕನೇ ಕ್ಲಾಸು. ನಾನು ಕ್ಯಾಟಲಾಗು ತಿರುವಿ ಅರ್ಧ ಗಂಟೆ ಲೆಕ್ಕ ಹಾಕಿ ಹೇಳಿದ್ದನ್ನು ಅವರು ಮೋಟರಿನ ಮೈಮೇಲೆ ವಿವರ ಕೊರೆದ ತಗಡು ನೋಡಿ ಹೇಳಿಬಿಡುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲಾ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪಟ್ಟಿ ಕೈಗಿತ್ತರೆ ಅದನ್ನು ಓದುವ ಮೊದಲೇ ಅವರು ಮೂರು ಪ್ರಶ್ನೆ ಕೇಳುತ್ತಿದ್ದರು. ಇದನ್ನ ಆನ್ ಮಾಡೋರು ಯಾರು? ಎಲ್ಲಿ ನಿಂತ್ಕಂಡು ಮಾಡ್ತರೆ? ಬಿದ್ರೆ ಏನ್ಮಾಡ್ತರೆ?

ಬೀಳುವುದು ಎಂದರೆ ಟ್ರಿಪ್ ಆಗುವುದು. ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮೋಟರು ಮಿತಿಮೀರಿ ಕರೆಂಟು ಎಳೆದರೆ ರಿಲೇ ಎಂಬ ಅಂಗೈಯಗಲದ ಸಾಮಾನು ಒಳಗೇ ಬಿಸಿಯಾಗಿ ಕಳಚಿಕೊಂಡು ಮೋಟರನ್ನು ನಿಲ್ಲಿಸುತ್ತದೆ. ಅಂದರೆ ಬೀಳುತ್ತದೆ. ಬೀಳುವುದು ಅದರ ಕೆಲಸ. ಆದರೆ ಶೆಡ್ಡಿಗೆ ಬರುತ್ತಿದ್ದ ಗಿರಾಕಿಗಳೆಲ್ಲ ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳುತ್ತಿದ್ದುದು ಒಂದೇ: "ಬೀಳದಂಗೆ ಮಾಡ್ಕೊಡಿ ಸಾ."

ಮಾಡಿಕೊಡದಿದ್ದರೆ ತಾವೇ ಮಾಡಿಕೊಳ್ಳುತ್ತಿದ್ದರು. ರಿಪೇರಿಗೆ ಬಂದ ಪೆಟ್ಟಿಗೆಗಳ ಒಳಗೆ ಸಿಕ್ಕಿದ್ದನ್ನೆಲ್ಲ ಮೇಸ್ತ್ರಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ರಿಲೇ ಕಳಚಿಕೊಳ್ಳದಂತೆ ತುರುಕಿದ್ದ ಬೆಂಕಿಕಡ್ಡಿ, ಮಡಿಸಿದ ಬೀಡಿಕಟ್ಟಿನ ಕಾಗದ, ಅರಕಲಗೂಡಿನ ಗಿರಣಿಯೊಂದರಲ್ಲಿ ಫ್ಯೂಸ್ ತಂತಿಯ ಬದಲು ಹಾಕಿದ್ದ ಸೈಕಲ್ ಕಡ್ಡಿ, ಸ್ಟಾರ್ಟರಿನ ಹಸಿರು ಗುಂಡಿ ಮೇಲೇಳದಂತೆ ಬಿಗಿದು ಕಟ್ಟಿದ್ದ ಸ್ಕೂಲ್ ಹುಡುಗಿಯ ಕೆಂಪು ಟೇಪು... ಒಂದೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಊರಿನ ಹೆಸರು, ಯಾರು ಮಾಡಿದ್ದು, ಅಷ್ಟೇ. ನಾನು ಸೇರಿದ ವಾರದಲ್ಲೇ ಆ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, "ನಿಮ್ ಪುಸ್ತಕ ನೀವು ಓದ್ಕಳಿ. ಇದು ನಮ್ ಪುಸ್ತಕ. ಇದ್ನೂ ಒಸಿ ನೋಡ್ಕಳಿ" ಅಂದಿದ್ದರು.

ನಾನು ನೋಡಿದೆ, ನಕ್ಕೆ, ಮುಚ್ಚಿಟ್ಟೆ.

ಮೇಸ್ತ್ರಿ ಮಗಳ ಮದುವೆಗೆಂದು ಮೂರು ವಾರ ರಜೆ ಹಾಕಿದ್ದರು. ಅದೇ ಹೊತ್ತಿಗೆ ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ರಸ್ತೆಯಲ್ಲಿರುವ ತೆಂಗಿನ ನಾರಿನ ಕಾರ್ಖಾನೆಯ ಯಜಮಾನರು ಬಂದರು. ಅವರ ಪ್ಯಾನಲ್ಲು ಮಾಡಿದ್ದು ನಮ್ಮ ಮೇಸ್ತ್ರಿಯೇ. ನೀರಲ್ಲಿ ನೆನೆಸಿದ ಸಿಪ್ಪೆಯನ್ನು ಮೊಳೆ ಬಡಿದ ಉರುಳೆಗೆ ಕೊಟ್ಟರೆ ಅದು ನಾರು ಬಿಡಿಸುತ್ತದೆ. ಸಿಪ್ಪೆ ಸಿಕ್ಕಿಹಾಕಿಕೊಂಡರೆ ಉರುಳೆ ನಿಲ್ಲುತ್ತದೆ, ರಿಲೇ ಬೀಳುತ್ತದೆ. "ದಿನಕ್ಕೆ ಅತ್ತು ಸಲ ಬೀಳ್ತದೆ ಮೇಡಂ. ಕೆಲ್ಸ ಎಂಗೆ ಮಾಡ್ಸದು?" ಎಂದು ಅವರು ಗೋಗರೆದರು. ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಮೇಸ್ತ್ರಿ ಇಲ್ಲದಿರುವಾಗ ಒಂದು ತೊಡಕನ್ನು ನಾನೊಬ್ಬಳೇ ಬಿಡಿಸಿ ತೋರಿಸಬೇಕೆಂಬ ಜಂಬ. ಇದ್ದ ರಿಲೇಗಿಂತ ಎರಡರಷ್ಟು ತಾಳುವ ರಿಲೇ ಆರಿಸಿ, ಇನ್ನೊಬ್ಬ ವೈರ್‌ಮನ್ನಿನ ಕೈಲಿ ಕಳಿಸಿಕೊಟ್ಟೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಮೋಟರಿಗೆ ತಕ್ಕಷ್ಟೇ ರಿಲೇ ಇರಬೇಕೆಂದು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡವಳು ನಾನು.

ಹದಿನೈದು ದಿನವಾದ ಮೇಲೆ ಯಜಮಾನರು ಒಂದು ಗೊನೆ ಎಳನೀರು ತಂದಿಳಿಸಿದರು. ಮೇಸ್ತ್ರಿ ಅವತ್ತೇ ಕೆಲಸಕ್ಕೆ ಮರಳಿದ್ದರು, ಕೈಯಲ್ಲಿ ಮದುವೆಯ ಲಾಡು. "ನಿಮ್ ಮೇಡಂ ಗಟ್ಟಿಗಿತ್ತಿ ಕಣಯ್ಯ. ಒಂದು ಸಲನೂ ಬಿದ್ದಿಲ್ಲ" ಎಂದು ಯಜಮಾನರು ಹೊಗಳಿದರು. ನಾನು ಉಬ್ಬಿಹೋದೆ.

ಮೇಸ್ತ್ರಿ ಲಾಡಿನ ಪೊಟ್ಟಣ ಕೆಳಗಿಟ್ಟರು. "ಒಂದು ಸಲನೂ ಬಿದ್ದಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಏಳಿ, ಓಗಿ ಬರಾಣ" ಅಂದರು. ಯಜಮಾನರ ಜೀಪಿನಲ್ಲೇ ಹೊರಟೆವು.

ಅಲ್ಲಿ ಎರಡು ಯಂತ್ರ ಒಟ್ಟಿಗೆ ಓಡುತ್ತಿದ್ದವು. ನೆಲವೆಲ್ಲ ಒದ್ದೆ. ಹತ್ತಿರದ ಯಂತ್ರಕ್ಕೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಸಿಪ್ಪೆ ಕೊಡುತ್ತಿದ್ದಳು. ನಾವು ಬಾಗಿಲಲ್ಲಿ ನಿಂತಿದ್ದಂತೆಯೇ ಅವಳ ಯಂತ್ರದ ಉರುಳೆ ಗಕ್ಕನೆ ನಿಂತಿತು. ಪ್ಯಾನಲ್ಲು ಇದ್ದದ್ದು ಆ ತುದಿಯ ಗೋಡೆಯಲ್ಲಿ. ಅವಳು ಅತ್ತ ತಿರುಗಿಯೂ ನೋಡದೆ, ಸೆರಗು ಬಿಗಿದುಕೊಂಡು, ಬಲಗೈಯನ್ನು ಮೊಣಕೈವರೆಗೆ ಒಳಗೆ ಹಾಕಿದಳು.

ಮೇಸ್ತ್ರಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗೋಡೆ ಮುಟ್ಟಿ ಮೇನ್ ಹಿಡಿಯನ್ನು ಕೆಳಗೆಳೆದರು. ಇನ್ನೊಂದು ಯಂತ್ರವೂ ನಿಂತು ಕಾರ್ಖಾನೆಯೆಲ್ಲ ನಿಶ್ಶಬ್ದವಾಯಿತು. "ಅವ್ವ, ಕೈ ತಗಿ" ಅಂದರು. ಅವಳು ತೆಗೆದಳು, ಮುಷ್ಟಿಯ ತುಂಬ ಸಿಪ್ಪೆ. "ಬಿದ್ದದೆ ಅಂದ್ಕಂಡೆ ಕಣಣ್ಣ" ಅಂದಳು.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಆ ಕಾರ್ಖಾನೆಯಲ್ಲಿ ನಿಲ್ಲಿಸುವ ಕೆಂಪು ಗುಂಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಅಷ್ಟು ದೂರ ನಡೆದು ಬರುವವರು ಯಾರು? ಉರುಳೆ ನಿಂತ ಮೇಲೆ ಎಂಟು ಎಣಿಸುವಷ್ಟರಲ್ಲಿ ರಿಲೇ ಬೀಳುತ್ತಿತ್ತು, ಬಿದ್ದ ಮೇಲೆ ಕೈ ಹಾಕುತ್ತಿದ್ದರು. ಅದು ಅವರ ವರ್ಷಗಳ ರೂಢಿ. ನಾನು ಆರಿಸಿದ ರಿಲೇ ಅರ್ಧ ನಿಮಿಷವಾದರೂ ತಾಳಿಕೊಳ್ಳುತ್ತಿತ್ತು. ಉರುಳೆ ನಿಂತೇ ಇದ್ದರೂ ಮೋಟರಿಗೆ ಕರೆಂಟು ಹರಿಯುತ್ತಲೇ ಇರುತ್ತಿತ್ತು, ಸಿಪ್ಪೆ ಸಡಿಲವಾದ ಮರುಕ್ಷಣ ಉರುಳೆ ತಿರುಗುತ್ತಿತ್ತು. ಹದಿನೈದು ದಿನ, ದಿನಕ್ಕೆ ಹತ್ತು ಸಲ, ಅವಳ ಕೈ ಆ ಮೊಳೆಗಳ ನಡುವೆ ಹೋಗಿ ಬಂದಿತ್ತು. ಪಕ್ಕದ ಯಂತ್ರದ ಗದ್ದಲದಲ್ಲಿ ಮೋಟರು ಗುಂಯ್ಗುಡುವುದು ಅವಳಿಗೆ ಕೇಳಿಸುತ್ತಿರಲಿಲ್ಲ.

ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೋಟರನ್ನು ತೋರಿಸಿ, "ಮುಟ್ಟಿ ನೋಡಿ" ಅಂದರು. ಮುಟ್ಟಿದೆ, ಸುಡುತ್ತಿತ್ತು. ಪ್ಯಾನಲ್ಲಿನ ಬಾಗಿಲು ತೆಗೆದಾಗ ಒಳಗಿಂದ ಆ ವಾಸನೆ ಬಂತು. ಮೀನಿನ ಅಂಗಡಿಯ ಮುಂದೆ ಕಲಿತದ್ದು ನೆನಪಾಯಿತು... ಕಲಿತು ಏನು ಬಂತು?

ಹಳೆಯ ರಿಲೇ ಅಲ್ಲೇ ಮೂಲೆಯಲ್ಲಿತ್ತು. ಅದನ್ನೇ ಮತ್ತೆ ಕೂರಿಸಿದರು. ಬಿದ್ದರೆ ತಾನಾಗಿ ಏಳದೆ, ಕೈಯಿಂದ ಒತ್ತಿದರೆ ಮಾತ್ರ ಏಳುವಂತೆ ಇಟ್ಟರು. ಆಮೇಲೆ ಆ ಹೆಂಗಸನ್ನು ಅವಳ ಜಾಗದಲ್ಲೇ ನಿಲ್ಲಿಸಿ, ಎಡಗೈ ಚಾಚಿಸಿ, ಬೆರಳ ತುದಿ ಮುಟ್ಟಿದ ಕಡೆ ಕಿವಿಯ ಪೆನ್ಸಿಲ್ಲಿನಿಂದ ಗುರುತು ಮಾಡಿದರು. ಮಾರನೆಯ ದಿನ ಎರಡೂ ಯಂತ್ರದ ಪಕ್ಕ, ಅಂತಹದೇ ಗುರುತಿನ ಜಾಗದಲ್ಲಿ, ಅಂಗೈಯಲ್ಲಿ ಗುದ್ದಬಹುದಾದ ದಪ್ಪ ಕೆಂಪು ಗುಂಡಿ ಬಂತು, ಉರುಳೆಗೊಂದು ಮುಚ್ಚಳವೂ ಅದನ್ನು ತೆಗೆದರೆ ಯಂತ್ರ ನಿಲ್ಲಿಸುವ ಒಂದು ಸಣ್ಣ ಸ್ವಿಚ್ಚೂ ಬಂದವು. ಅವಳ ಕೈಲಿ ಹತ್ತು ಸಲ ಆ ಗುಂಡಿ ಗುದ್ದಿಸಿ ನೋಡಿದರು. ಯಜಮಾನರು ಮುಖ ಸಣ್ಣದು ಮಾಡಿಕೊಂಡು, "ಅಂಗಾರೆ ಮತ್ತೆ ಬೀಳ್ತದಾ?" ಎಂದು ಕೇಳಿದರು. "ಬೀಳ್ತದೆ ಸಾ, ಬೀಳ್ಳೇಬೇಕು" ಅಂದರು ಮೇಸ್ತ್ರಿ. ನಮ್ಮ ಓನರಿಗೆ ಅವರು ಏನು ಹೇಳಿದರೋ, ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಆರು ವರ್ಷ, ಆ ಮೂರು ಪ್ರಶ್ನೆ ಕೇಳದೆ ನಾನು ಒಂದು ಪಟ್ಟಿಯನ್ನೂ ಬರೆಯಲಿಲ್ಲ. ಎಷ್ಟೋ ಸಲ ಮೇಸ್ತ್ರಿಗಿಂತ ಮೊದಲು ನಾನೇ ಕೇಳಿಬಿಡುತ್ತಿದ್ದೆ. ಆಗ ಅವರು ಪೆನ್ಸಿಲ್ಲು ತೆಗೆದು ಮತ್ತೆ ಕಿವಿಗಿಟ್ಟುಕೊಂಡು ನಗುತ್ತಿದ್ದರು. ಮುಂದೆ ಶೆಡ್ಡು ಮುಚ್ಚಿತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಲು ಹೋದೆ, ಅವರು ಸಾಲಗಾಮೆಗೆ ಹೋದರು. ಎಷ್ಟು ದೂರ ಸಾಲಗಾಮೆ? ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆಯುವಷ್ಟು. ಮುಂದಿನ ಭಾನುವಾರ, ಮುಂದಿನ ರಜೆ ಎನ್ನುತ್ತಾ ವರ್ಷಗಳೇ ಹೋದವು... ಎರಡು ಸಾವಿರದ ಏಳೋ ಎಂಟೋ ಇರಬೇಕು, ಒಂದು ಮಧ್ಯಾಹ್ನ ಅವರ ಮಗಳು ಮನೆ ಹುಡುಕಿಕೊಂಡು ಬಂದಳು. "ಅಪ್ಪ ಓಗ್ಬುಟ್ರು ಅಕ್ಕ, ಮೂರು ತಿಂಗ್ಳಾಯ್ತು. ಇದ ನಿಮ್ಗೇ ಕೊಡು ಅಂದಿದ್ರು" ಎಂದು ಚೀಲದಿಂದ ಆ ಬಿಸ್ಕತ್ತಿನ ಡಬ್ಬಿ ತೆಗೆದಿಟ್ಟಳು. ಅವಳಿಗೆ ಕಾಫಿ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಅವಳು ಹೋದ ಮೇಲೆ ಡಬ್ಬಿ ತೆಗೆದೆ. ಬೆಂಕಿಕಡ್ಡಿ, ಬೀಡಿ ಕಾಗದ, ಸೈಕಲ್ ಕಡ್ಡಿ, ಕೆಂಪು ಟೇಪು. ಎಲ್ಲಕ್ಕೂ ಕೆಳಗೆ, ನಾನು ಆರಿಸಿದ್ದ ಆ ರಿಲೇ ಇತ್ತು. ಚೀಟಿ ತಿರುಗಿಸಲು ಹೆದರಿಕೆಯಾಯಿತು. ಅವರ ಗುಂಡು ಗುಂಡು ಅಕ್ಷರದಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: "ಚನ್ನರಾಯಪಟ್ಟಣದ ರಸ್ತೆ. ಪ್ಯಾನಲ್ಲು ದೂರ ಇಟ್ಟವನು ನಾನು. ರಜೆಯಲ್ಲಿದ್ದವನೂ ನಾನು." ನನ್ನ ಹೆಸರು ಎಲ್ಲೂ ಇರಲಿಲ್ಲ. ಅವತ್ತು ಅತ್ತಷ್ಟು ನಮ್ಮಪ್ಪ ಹೋದಾಗಲೂ ಅತ್ತಿರಲಿಲ್ಲ.

ಹೋದ ತಿಂಗಳು ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ನು ಪೆಟ್ಟಿಗೆಯ ಮುಚ್ಚಳ ತೆಗೆದು ನಕ್ಕ. ಗೀಸರಿನ ಸ್ವಿಚ್ಚು ಪದೇಪದೇ ಬೀಳುತ್ತದೆಂದು ಬೇಸಿಗೆಯಲ್ಲಿ ನಮ್ಮವರು ಯಾರನ್ನೋ ಕರೆಸಿ ಎರಡರಷ್ಟು ದೊಡ್ಡದು ಹಾಕಿಸಿದ್ದರಂತೆ. ತಿರುಪು ಸಡಿಲವಾಗಿ ವೈರು ಕಾಯುತ್ತಿತ್ತು, ಅದಕ್ಕೇ ಮೊದಲಿನದು ಬೀಳುತ್ತಿದ್ದದ್ದು. ಬೇಸಿಗೆಯಲ್ಲಿ ಅದನ್ನು ಹಾಕಿಸಿದ ದಿನ ನಾನು ಹಜಾರದಲ್ಲೇ ಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. "ಇನ್ನು ಬೀಳಲ್ಲ ಬಿಡಿ" ಎಂದು ಹಾಕಿದವನು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆ ಎತ್ತಿರಲಿಲ್ಲ.

ವೈರು ಬದಲಾಯಿಸಿ, ತಕ್ಕ ಸ್ವಿಚ್ಚು ಹಾಕಿಸಿ ಎಲೆಕ್ಟ್ರಿಷಿಯನ್ನನ್ನು ಕಳಿಸಿದೆ. ಅರ್ಧ ಕರಗಿದ ಹಳೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ಮೇಸ್ತ್ರಿ ಇದ್ದಿದ್ದರೆ ಅದನ್ನು ಹಿಡಿದುಕೊಂಡು ಅವತ್ತೇ ಸಾಲಗಾಮೆಯ ಬಸ್ಸು ಹತ್ತುತ್ತಿದ್ದೆ, ಈ ಸಲ ನಿಜವಾಗಿಯೂ ಹತ್ತುತ್ತಿದ್ದೆ. ಡಬ್ಬಿ ತಂದೆ. ಒಂದು ಚೀಟಿ ಹರಿದು, ಪೆನ್ಸಿಲ್ಲು ಹುಡುಕಿ, ಬರೆದು ಕಟ್ಟಿ, ಅವರ ಚೀಟಿಯಿದ್ದ ರಿಲೇ ಪಕ್ಕದಲ್ಲಿಟ್ಟೆ.

"ಹಾಸನ. ನಮ್ಮ ಮನೆ. ನಾನು ಮನೆಯಲ್ಲೇ ಇದ್ದೆ."