ಸದ್ದಿಲ್ಲದ ಬಸ್ಸು

ನಮ್ಮ ಬಸ್ ಡಿಪೋದಲ್ಲಿ ದೊಡ್ಡಪ್ಪನಿಗೆ ಡಾಕ್ಟರು ಎಂದೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡೀಸೆಲ್ ಎಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಾಯಿಲೆ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅವರು ಹೇಳಿದ ಹಾಗೇ ಇರುತ್ತಿತ್ತು. ದೊಡ್ಡಮ್ಮ ಅಡುಗೆಮನೆಯಿಂದ ಕೂಗಿದ್ದು ಮಾತ್ರ ಆ ಕಿವಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ. ಓದಿ ನಾನು ಕಲಿತದ್ದೇನು? ಬ್ಯಾಟರಿ ಬಸ್ಸಿನ ರಿಪೇರಿ. ಸಾಕಿದವರ ಅನ್ನಕ್ಕೇ ಕಲ್ಲು ಹಾಕುವ ವಿದ್ಯೆ.

ಕಳೆದ ವರ್ಷ ಡೀಸೆಲ್ ಬಸ್ಸುಗಳನ್ನೆಲ್ಲ ಗುಜರಿಗೆ ಹಾಕುವುದೆಂದಾಯಿತು. ಹಳೆಯ ಮೆಕ್ಯಾನಿಕ್‌ಗಳಿಗೊಂದು ಪರೀಕ್ಷೆ. ಪಾಸಾದರೆ ಬ್ಯಾಟರಿ ವಿಭಾಗ, ಫೇಲಾದರೆ ಗುಜರಿ ಅಂಗಳ, ಅಲ್ಲಿಯ ಕೆಲಸ ಮುಗಿದ ಮೇಲೆ ಮನೆ. ಪರೀಕ್ಷೆ ಮಾಡುವವಳು ಬ್ಯಾಟರಿ ವಿಭಾಗದಲ್ಲಿದ್ದ ನಾನೇ. ಮೂರು ತಿಂಗಳು ಊಟದ ಮೇಜಿನಲ್ಲಿ ದೊಡ್ಡಪ್ಪನಿಗೆ ಪಾಠ ಹೇಳಿಕೊಟ್ಟೆ. ಐವತ್ತಾರು ವರ್ಷದ ಮನುಷ್ಯ ಮಗ್ಗಿಯಂತೆ ಬಾಯಿಪಾಠ ಮಾಡಿದರು: ಮೊದಲು ಕೈಗವಸು, ಆಮೇಲೆ ಮೀಟರ್, ಕೊನೆಗೆ ಕೈ.

ಪರೀಕ್ಷೆಗೆ ನಿಲ್ಲಿಸಿದ್ದು ಕಲಿಕೆಯ ಬಸ್ಸು. ಕರೆಂಟಿರುವ ಕಡೆ ಬರಿಗೈ ತಾಗಿದರೆ ಅದರಲ್ಲಿ ಶಾಕ್ ಹೊಡೆಯದೆ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ದೊಡ್ಡಪ್ಪ ಬಾಗಿ ಕಿವಿಗೊಟ್ಟರು. ಬಸ್ಸು ಚಾಲೂ ಇತ್ತು, ಆದರೆ ಸದ್ದಿಲ್ಲ.

"ಆಫ್ ಆಗಿದೆ ಬಿಡು ಪುಟ್ಟಿ" ಅಂದವರೇ ಬರಿಗೈ ಹಾಕಿದರು. ದೀಪ ಹತ್ತಿತು.

ನನ್ನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇನ್ನೆರಡು ಸಲ ಅವಕಾಶ ಕೊಟ್ಟೆ. ಎರಡೂ ಸಲ ಮೊದಲು ಕಿವಿ ಹೋಯಿತು, ಅದರ ಹಿಂದೆಯೇ ಕೈ.

"ಪಾಸ್ ಅಂತ ಬರಿಯಮ್ಮ. ಹುಷಾರಾಗಿರ್ತೀನಿ" ಎಂದರು, ಬೇರೆಯವರಿಗೆ ಕೇಳಿಸದ ಹಾಗೆ. ಅದುವರೆಗೆ ನನ್ನಲ್ಲಿ ಏನನ್ನೂ ಕೇಳಿದವರಲ್ಲ.

"ಸತ್ತೋಗ್ತೀರಿ, ದೊಡ್ಡಪ್ಪ."

ಫೇಲ್ ಎಂದು ಬರೆದೆ. ಬರೆದ ಕೈಯನ್ನು ಕತ್ತರಿಸಿಕೊಳ್ಳೋಣ ಅನ್ನಿಸಿತು.

ಹಳೆಯ ಎಂಜಿನ್ನನ್ನು ಮತ್ತೆ ಯಾರೂ ಬಳಸಬಾರದು, ಕೊಂದೇ ಗುಜರಿಗೆ ಕೊಡಬೇಕು ಎಂಬುದು ನಿಯಮ. ಆಯಿಲ್ ಪೂರ್ತಿ ಇಳಿಸಿ, ಚಾಲೂ ಮಾಡಿ, ಅದು ಒಣಗಿ ಕಿರುಚಿ ಜಾಮ್ ಆಗುವವರೆಗೆ ಪಕ್ಕದಲ್ಲೇ ನಿಂತಿರಬೇಕು. ತಾವೇ ಸಾಕಿ ಸಲಹಿದ ಎಂಜಿನ್ನುಗಳನ್ನು ದೊಡ್ಡಪ್ಪ ಗುಜರಿ ಅಂಗಳದಲ್ಲಿ ದಿನಕ್ಕೆರಡರಂತೆ ಮುಗಿಸತೊಡಗಿದರು. ಆ ಕಿರುಚಾಟ ನನ್ನ ವಿಭಾಗದವರೆಗೂ ಕೇಳುತ್ತಿತ್ತು.

ಒಂದು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಹೇಳಿದರು: "ನೀನು ಹೇಳಿದ್ದು ಸರಿ ಪುಟ್ಟಿ, ಅಲ್ಲಿ ಸಾಯ್ತಿದ್ದೆ. ಆದ್ರೆ ಒಂದೇ ಸಲ ಸಾಯ್ತಿದ್ದೆ."

ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ತಟ್ಟೆಗೆ ಬಡಿಸುತ್ತಾ ಹೇಳಿದರು.