ನಿನ್ನ ಕಣ್ಣಿಗೆ ನಾನು ಬರೆದ ರೋಗ

ಗುರುನಾಥ, ನಿನ್ನ ಕಣ್ಣಿಗೆ ಯಾವ ರೋಗವೂ ಇರಲಿಲ್ಲ. ಹತ್ತು ವರ್ಷದ ಹಿಂದೆ ನಾನು ನಿನ್ನ ಕೈಗೆ ಕೊಟ್ಟ ಚೀಟಿಯಲ್ಲಿದ್ದದ್ದು ಸುಳ್ಳು. ಅದನ್ನು ಬರೆದವರು ಡಾಕ್ಟರಲ್ಲ. ನಾನು — ನಿನ್ನ ಗೆಳೆಯ ಶಿವಪ್ಪ.

ಇಷ್ಟು ಬರೆಯಲು ಒಂದು ಇಡೀ ಬೆಳಗು ಹಿಡಿಯಿತು. ಉಳಿದದ್ದನ್ನು ನಿಲ್ಲಿಸದೆ ಬರೆದುಬಿಡುತ್ತೇನೆ. ನಿಲ್ಲಿಸಿದರೆ ಹರಿದು ಹಾಕುತ್ತೇನೆ, ಹಿಂದೆ ಎರಡು ಸಲ ಹಾಗೇ ಮಾಡಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬರೆಯಬೇಕಾಗಿದೆ — ಅವುಗಳ ಬೆನ್ನಿಗೇ ನಿನಗೆ ಗೊತ್ತಿಲ್ಲದ್ದು ಅಂಟಿಕೊಂಡಿದೆ.

ಆಗ 1959. ನಿನಗೆ ಇಪ್ಪತ್ತೆರಡು, ನನಗೆ ಇಪ್ಪತ್ತಾರು. ನೀನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದ್ದೆ. ನಾನು ಕಣ್ಣಿನ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್. ನನ್ನ ತಂಗಿ ಕಮಲಾಳಿಗೂ ನಿನಗೂ ಮದುವೆಯ ಮಾತು ಮುಗಿದಿತ್ತು. ರವಿವಾರ ನೀನು ಕೇಶ್ವಾಪುರದ ನಮ್ಮ ಮನೆಗೆ ಬರುವಾಗ ಕಂಕುಳಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕ ಇರುತ್ತಿತ್ತು. ಅದರ ತುಂಬ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ವಿಮಾನಗಳು. ಹನ್ನೆರಡೇ ಸೆಕೆಂಡು ಹಾರಿದ ಮೊಟ್ಟಮೊದಲನೆಯದು. ಒಬ್ಬನೇ ಮನುಷ್ಯನನ್ನು ಹೊತ್ತು, ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು. ಶಬ್ದವನ್ನು ಹಿಂದೆ ಹಾಕಿದ ಎಕ್ಸ್-1. ಪ್ರತಿ ಚಿತ್ರದ ಕೆಳಗೂ ನಿನ್ನ ದುಂಡು ಅಕ್ಷರದಲ್ಲಿ ಎತ್ತರ, ವೇಗ, ದೂರ.

ಎಕ್ಸ್-2ರ ಪುಟ ತೆರೆದು ತೋರಿಸಿದ ದಿನ ನೆನಪಿದೆಯೆ?

"ಶಬ್ದದ ಮೂರು ಪಟ್ಟು ವೇಗ, ಕಮಲಾ! ಮನುಷ್ಯಾ ಅನ್ನಾಂವ ಅಷ್ಟು ಜೋರ ಎಂದೂ ಹೋಗಿರಲಿಲ್ಲ."

ಕಮಲಾ ಗಿರಮಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದಳು: "ಇಳದ ಮ್ಯಾಲ ಅಂವಾ ಏನಂದಾರಿ?"

ನೀನು ಪುಟದ ಮೂಲೆ ಸವರಿದೆ. "ಇಳೀಲಿಲ್ಲ," ಅಂದೆ. "ದಾಖಲೆ ಆಗಿ ಸ್ವಲ್ಪ ಹೊತ್ತಿಗೇ ವಿಮಾನ ಕೈ ತಪ್ಪಿತು."

ಅವಳ ಮುಖ ನೋಡಿ ನೀನು ಗಡಬಡಿಸಿ ಪುಟ ತಿರುವಿದೆ. ಕಾಮೆಟ್ ಬಂತು — ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್. ಅದೂ ಆಕಾಶದಲ್ಲೇ ಒಡೆದು ಬಿದ್ದಿತ್ತು. ಯಾರ ಕಣ್ಣಿಗೂ ಬೀಳದ ಬಿರುಕು ಲೋಹದಲ್ಲಿ ದಿನದಿನವೂ ಬೆಳೆದಿತ್ತಂತೆ. "ಆದರ ನೋಡು, ತಪ್ಪು ಎಲ್ಲಿ ಐತಿ ಅಂತ ಹುಡುಕಿದ್ರು, ಒಪ್ಪಿಕೊಂಡ್ರು, ತಿದ್ದಿದ್ರು. ಹೋದ ವರ್ಷ ಅದಽ ಕಾಮೆಟ್ ಮಂದೀನ್ನ ಕೂಡಿಸಿಕೊಂಡು ಅಟ್ಲಾಂಟಿಕ್ ದಾಟಿತು," ಎಂದೆ. ನಾನು ಕೇಳುತ್ತಿದ್ದೆ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಹಿಂದಿನ ಒಂದೇ ಮಾತು — ಇಳೀಲಿಲ್ಲ.

ಅದೇ ದಿನ ನೀನು ಹೇಳಿದೆ, ವಾಯುಸೇನೆಗೆ ಅರ್ಜಿ ಹಾಕಿದ್ದೇನೆ, ಆಯ್ಕೆಗೆ ಕರೆ ಬಂದಿದೆ, ಮದುವೆ ತರಬೇತಿ ಮುಗಿದ ಮೇಲೆ ಎಂದು. ಹೋಗುವ ಮೊದಲು ನಿಮ್ಮ ಡಾಕ್ಟರಿಗೆ ಒಮ್ಮೆ ಕಣ್ಣು ತೋರಿಸಿಬಿಡುತ್ತೇನೆ ಎಂದೆ. ಕಮಲಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೈದಕ್ಕೇ ಕುಂಕುಮ ಕಳೆದುಕೊಂಡವಳು. ಅವಳ ಬರಿ ಹಣೆ ನೋಡಿದೆ. ನೀನು ಹಾರುತ್ತೀ, ಒಂದು ದಿನ ತಂತಿ ಬರುತ್ತದೆ, ಅದನ್ನು ಒಡೆದು ಓದಬೇಕಾದವನು ನಾನು — ಹೀಗೇ ಆಗುತ್ತದೆಂದು ನನಗೆ ಖಾತ್ರಿಯಾಗಿಹೋಯಿತು.

ನೀನು ಬಂದೆ. ನಾನೇ ನಿನ್ನ ಕಣ್ಣಿಗೆ ಹನಿ ಹಾಕಿದೆ. ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ, ಸೋಮವಾರ ಚೀಟಿ ಒಯ್ಯಿ ಎಂದು ನಿನ್ನನ್ನು ಕಳಿಸಿದರು. ಅವರಿಗೆ ಪುಣೆಯ ಗಾಡಿ ಹಿಡಿಯುವ ಅವಸರ. ಕೋಟು ಹಾಕಿಕೊಳ್ಳುತ್ತ ನನಗೆ ಹೇಳಿದರು: "ಶಿವಪ್ಪ, ಇಂಥಾ ಕಣ್ಣು ವರ್ಷಕ್ಕೊಂದು ನೋಡಿದ್ರ ಹೆಚ್ಚು. ಒಂದು ದೋಷ ಇಲ್ಲ. ಹಂಗಽ ಬರದು ಕೊಡು. ಹುಡುಗ ಆರಾಮ ಹೋಗಲಿ."

ಚೀಟಿಗಳನ್ನು ಬರೆಯುತ್ತಿದ್ದವನು ನಾನೇ. ಊರಿಗೆ ಹೋಗುವಾಗ ಅವರು ಕೆಲವಕ್ಕೆ ಮೊದಲೇ ಸಹಿ ಮಾಡಿಟ್ಟಿರುತ್ತಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಒಂದು ಖಾಲಿ ಚೀಟಿ ತೆಗೆದುಕೊಂಡೆ. ಅದೇ ವಾರ ಬೆಂಗೇರಿಯ ಒಬ್ಬ ನೇಕಾರ ಬಂದು ಹೋಗಿದ್ದ. ಕಣ್ಣಿನ ಒಳಪದರ ಸೊರಗುತ್ತ, ನೋಟ ಸುತ್ತಲಿಂದ ಕಿರಿದಾಗುತ್ತ, ಕೊನೆಗೆ ಪೂರ್ತಿ ಕತ್ತಲಾಗುವ ರೋಗ ಅವನಿಗೆ. ಅವನ ಕಾಗದ ಎದುರಿಗಿಟ್ಟುಕೊಂಡು, ಇಂಗ್ಲಿಷಿನ ಆ ಶಬ್ದಗಳನ್ನು ಒಂದೊಂದೇ ಅಕ್ಷರ ನೋಡಿ ನಿನ್ನ ಹೆಸರಿನ ಕೆಳಗೆ ಇಳಿಸಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯುವ ಆಸೆಯಾಗುತ್ತಿದೆ — ನಡುಗಲಿಲ್ಲ.

ಅಂಜಿಕೆಯಿಂದ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿದ್ದರೆ ಒಂದು ಸಣ್ಣ ದೋಷ ಬರೆದರೆ ಸಾಕಿತ್ತು. ಇಷ್ಟು ದೊಡ್ಡದನ್ನು ಯಾಕೆ ಬರೆದೆ? ನಾನು ಮೆಟ್ರಿಕ್ಕಿಗೇ ಸಾಲೆ ಬಿಟ್ಟವನು, ಬಾಟಲಿ ತೊಳೆಯುವವನು. ನೀನು ಆಕಾಶದ ಮಾತಾಡುವಾಗ ನನ್ನ ತಂಗಿಯ, ನನ್ನ ಅವ್ವನ ಮುಖ ಹೇಗೆ ನಿನ್ನ ಕಡೆ ತಿರುಗುತ್ತಿತ್ತೋ, ಹಾಗೆ ನನ್ನ ಕಡೆ ಎಂದೂ ತಿರುಗಿದ್ದಿಲ್ಲ. ನೀನು ನೆಲದ ಮೇಲೆ, ನನ್ನ ಪಕ್ಕದಲ್ಲೇ ಇರಬೇಕಿತ್ತು. ಅದು ಹೊಟ್ಟೆಕಿಚ್ಚು. ಬೇರೆ ಹೆಸರು ಅದಕ್ಕೆ ಇಲ್ಲ.

ಸೋಮವಾರ ನೀನು ಚೀಟಿ ಓದಿದೆ. ಎರಡನೆಯ ಸಲ ಓದಿದೆ. "ಶಿವಣ್ಣ, ಇದು ನಂದಽ ಏನು?" ಎಂದೆ.

"ನಿಂದಽ. ಇದಕ್ಕ ಔಷಧ ಇಲ್ಲೋ ತಮ್ಮಾ. ಹತ್ತು ಹನ್ನೆರಡು ವರ್ಷ ತಡೀತೈತಿ ಅಂದಾರ."

ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸುತ್ತೇನೆ ಎಂದೆ ನೀನು. ನನಗೆ ದಿಗಿಲಾಯಿತು. ನಾನೇ ಅಲ್ಲಿನ ದೊಡ್ಡ ಡಾಕ್ಟರಿಗೆ ಕಾಗದ ಕಳಿಸಿ ಕೇಳುತ್ತೇನೆ, ಸುಮ್ಮನೆ ಅಲೆಯಬೇಡ ಎಂದೆ. ಯಾವ ಕಾಗದವನ್ನೂ ಕಳಿಸಲಿಲ್ಲ. ಮೂರು ವಾರ ಬಿಟ್ಟು, ಅವರೂ ಅದನ್ನೇ ಬರೆದಿದ್ದಾರೆ ಎಂದೆ. ಪುಣೆಗೆ ಹೋದ ಡಾಕ್ಟರು ಆ ವರ್ಷವೇ ಅಲ್ಲಿ ನೆಲೆಸಿದರು. ಅವರ ಜಾಗಕ್ಕೆ ಬಂದವರಿಗೆ ನಿನ್ನ ಗುರುತಿರಲಿಲ್ಲ. ಕೇಳುವವರು ಯಾರೂ ಉಳಿಯಲಿಲ್ಲ.

ನಾನು ಲೆಕ್ಕ ಹಾಕಿದ್ದು ಇಷ್ಟು: ನೀನು ಹಾರುವುದಿಲ್ಲ, ಕಮಲಾಳನ್ನು ಮದುವೆಯಾಗುತ್ತೀ, ಕೆಲವು ವರ್ಷ ಕಳೆದರೂ ಏನೂ ಆಗದಿದ್ದಾಗ ದೇವರು ದೊಡ್ಡವನು ಎಂದು ಎಲ್ಲರೂ ಕೈ ಮುಗಿಯುತ್ತೀರಿ. ನಿನ್ನ ಸ್ವಭಾವ ಗೊತ್ತಿದ್ದೂ, ಮುಂದೆ ನೀನು ಮಾಡಿದ್ದೊಂದು ನನಗೆ ಹೊಳೆದಿರಲಿಲ್ಲ.

ನೀನು ವಾಯುಸೇನೆಯ ಆಯ್ಕೆಗೆ ಹೋಗಲೇ ಇಲ್ಲ. ಆ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದೆ. ಅದನ್ನು ಕಮಲಾಳ ಮುಂದಿಟ್ಟು ಮದುವೆ ಬೇಡ ಎಂದೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

"ಕುರುಡ ಆದ್ರೂ ನಾ ಇರ್ತೇನಿ. ನನ್ನ ಕಣ್ಣು ಅದಾವಲ್ರಿ," ಎಂದಳು ಅವಳು.

"ಅದಕ್ಕಽ ಬ್ಯಾಡ. ನನ್ನ ಕೈ ಹಿಡಕೊಂಡು ಅಡ್ಡಾಡಿ ಅಡ್ಡಾಡಿ ನೀ ಮುದುಕಿ ಆಗೂದು ನಾ ನೋಡೂದಿಲ್ಲ," ಎಂದೆ ನೀನು. ಆಮೇಲೆ ನಗಲು ನೋಡಿದೆ: "ನೋಡಾಕ ಬರೂದೂ ಇಲ್ಲ."

ಎರಡು ಹೆಜ್ಜೆ. ಬಾಗಿಲಿನಿಂದ ನಿಮ್ಮಿಬ್ಬರ ನಡುವಿಗೆ ಎರಡೇ ಹೆಜ್ಜೆ. ನಾನು ಇಡಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ತಂಗಿ ನನ್ನ ಮುಖ ನೋಡುವುದಿಲ್ಲ — ಹೀಗೆ ಒಂದರ ಹಿಂದೆ ಒಂದು ಕಾರಣ ಎದ್ದು ನಿಂತವು. ಅಷ್ಟರಲ್ಲಿ ನೀನು ಮೆಟ್ಟಿಲು ಇಳಿದು ಹೋಗಿದ್ದೆ.

ಅವಳು ಬೇರೆ ಗಂಡು ಒಪ್ಪಲಿಲ್ಲ. ಮೂರು ಸಂಬಂಧ ಬಂದವು, ಮೂರೂ ಹೋದವು. ಕನ್ಯಾಶಾಲೆಯಲ್ಲಿ ಕಲಿಸಲು ಸೇರಿದಳು. ಅವ್ವ ಅದೇ ಚಿಂತೆಯಲ್ಲಿ ಕಣ್ಣು ಮುಚ್ಚಿದಳು. ನೀನು ಪತ್ರಿಕೆ ನೋಡುವುದನ್ನೇ ಬಿಟ್ಟೆ. ಅವಳು ಮೈದಾ ಅಂಟು ಕುದಿಸಿ ನಿನ್ನ ಪುಸ್ತಕದಲ್ಲಿ ಮುಂದಿನ ಚಿತ್ರಗಳನ್ನು ಅಂಟಿಸುತ್ತ ಹೋದಳು. ದೊಡ್ಡ ವಿಮಾನದ ರೆಕ್ಕೆಯ ಕೆಳಗಿಂದ ಜಿಗಿದು ಮೇಲೇರುವ ಎಕ್ಸ್-15. ಅದು ಅರವತ್ತೇಳು ಮೈಲಿ ಎತ್ತರಕ್ಕೆ ಹೋದ ಸುದ್ದಿ. ಗಂಟೆಗೆ ನಾಲ್ಕೂವರೆ ಸಾವಿರ ಮೈಲಿ ವೇಗ ಮುಟ್ಟಿದ ಸುದ್ದಿ, ಆಮೇಲೆ ಒಂದೂವರೆ ತಿಂಗಳಿಗೆ ಅದೇ ಬಗೆಯ ಇನ್ನೊಂದು ವಿಮಾನ ಮುರಿದು ಅದರ ಚಾಲಕ ಸತ್ತ ಸುದ್ದಿ. ಆ ದಿನ ನಾನು ಪತ್ರಿಕೆ ಎತ್ತಿ ಅವಳಿಗೆ ತೋರಿಸಿದೆ. "ನೋಡು, ಹೋಗಿದ್ರ ಹಿಂಗಽ ಆಗ್ತಿತ್ತು," ಎಂದೆ. ನನ್ನ ಸುಳ್ಳಿಗೆ ಒಬ್ಬ ಅಪರಿಚಿತನ ಸಾವನ್ನು ಊರುಗೋಲು ಮಾಡಿಕೊಂಡೆ. ಅವಳು ಕತ್ತರಿ ತಂದಳು.

ಇನ್ನೂ ಕೆಟ್ಟದ್ದಿದೆ. ಪ್ರತಿವರ್ಷ ನೀನು ನನ್ನ ಹತ್ತಿರವೇ ಬರುತ್ತಿದ್ದೆ. "ಎಷ್ಟು ಉಳದೈತಿ ನೋಡು ಶಿವಣ್ಣ," ಎಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಾನು ಬ್ಯಾಟರಿ ಬಿಟ್ಟು ನಿನ್ನ ಕಣ್ಣೊಳಗೆ ನೋಡುತ್ತಿದ್ದೆ. ಕಣ್ಣು ಮೊದಲಿನಷ್ಟೇ ಸ್ವಚ್ಛ, ಪಾಪೆ ಬೆಳಕಿಗೆ ಚುರುಕಾಗಿ ಕಿರಿದಾಗುತ್ತಿತ್ತು. "ಸ್ವಲ್ಪ ಕಡಿಮಿ ಆಗೇತಿ," ಎನ್ನುತ್ತಿದ್ದೆ. ಏನೂ ಆಗಿಲ್ಲ ಎಂದರೆ ನೀನು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತೀ ಎಂಬ ಭಯ. ಮೊದಲ ಸುಳ್ಳು ಒಂದೇ ದಿನದ್ದು. ಇದು ವರ್ಷವರ್ಷದ್ದು. ಮುಸ್ಸಂಜೆ ಎಲ್ಲರಿಗೂ ಮಸುಕಾಗಿಯೇ ಕಾಣುತ್ತದೆ, ಗುರುನಾಥ. ನೀನು ಮಾತ್ರ ಅದನ್ನು ರೋಗವೆಂದು ಎಣಿಸುತ್ತ ಬಂದೆ.

ಈ ವರ್ಷ ಕಾಂಕಾರ್ಡ್ ಮೊದಲ ಸಲ ಹಾರಿದ ತಿಂಗಳಲ್ಲೇ ನೀನು ಬಂದು ಕೂತೆ. ಹತ್ತು ವರ್ಷ ಮುಗಿಯಿತಲ್ಲ ಎಂದೆ. ಈ ತಿಂಗಳ ಕೊನೆಯ ಶನಿವಾರ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ, ಮುಗದ ಹಳ್ಳಿಯಲ್ಲಿ ಅಕ್ಕನ ಮನೆ ಇದೆ, ಅಲ್ಲಿ ಹೋಗಿ ಇದ್ದುಬಿಡುತ್ತೇನೆ ಎಂದೆ. ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ, ಕಣ್ಣು ಮುಚ್ಚಿ ಹೆಜ್ಜೆ ಎಣಿಸಿ ಸಾಲೆಯ ತನಕ ಹೋಗಲು ಬರುತ್ತದೆ ಎಂದೆ. ಎಷ್ಟು ಸಮಾಧಾನದಿಂದ ಹೇಳಿದೆ! ನನಗೆ ಆ ಸಮಾಧಾನವೇ ಹೆದರಿಕೆ ಹುಟ್ಟಿಸಿತು. ಆದರೂ ಬಾಯಿ ಬಿಡಲಿಲ್ಲ.

ಹೋದ ರವಿವಾರ ಬೆಳಿಗ್ಗೆ ಕಮಲಾ ಪೇಟೆಗೆ ಹೋದವಳು ಬರಿಗೈಲಿ ಓಡಿ ಬಂದಳು. ಸೆರಗಿಗೆಲ್ಲ ಧೂಳು. ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

"ಅಣ್ಣಾ, ಅವ್ರು ಕಣ್ಣು ಮುಚ್ಚಿಕೊಂಡು ರೈಲ್ವೆ ಹಳಿ ದಾಟಾಕತ್ತಿದ್ರು. ಮಾಲಗಾಡಿ ಸೀಟಿ ಹೊಡೀತು. ಅವ್ರು ನಿಂತಽ ಬಿಟ್ರು — ಯಾವ ಕಡಿಯಿಂದ ಬರಾಕತ್ತೇತಿ ಅಂತ ಕಿವಿಗೊಟ್ಟು ಕೇಳ್ಕೋತ! ಕಣ್ಣು ತೆಗೀಲಿಲ್ಲ ಅಣ್ಣಾ. ನಾ ಹೋಗಿ ಜಗ್ಗಿದೆ. ಇಬ್ರೂ ಖಡಿ ಮ್ಯಾಲ ಬಿದ್ವಿ."

ಅವಳ ಅಂಗೈ ಕಿತ್ತುಹೋಗಿತ್ತು. ನೀರು ತಂದು ತೊಳೆದೆ. ತೊಳೆಯುತ್ತ ತೊಳೆಯುತ್ತ — ತಲೆ ತಗ್ಗಿಸಿಕೊಂಡೇ — ಹೇಳಿಬಿಟ್ಟೆ. ಖಾಲಿ ಚೀಟಿ, ನೇಕಾರನ ಕಾಗದ, ಮಿರಜು, ಬ್ಯಾಟರಿ, ಎಲ್ಲ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಳಲಿಲ್ಲ. ಬೈಯಲಿಲ್ಲ. ಸೆರಗಿನ ಅಂಚನ್ನು ಅಂಗೈಗೆ ಸುತ್ತಿಕೊಂಡು, "ಅವ್ವಗ ಗೊತ್ತಿತ್ತೇನು?" ಎಂದು ಕೇಳಿದಳು. ಇಲ್ಲ ಎಂದೆ.

"ಛಲೋ ಆತು," ಎಂದಳು. ಮತ್ತೆ, "ಅವ್ರಿಗೆ ನೀನಽ ಹೇಳಬೇಕು. ಹೇಳೂತನಕ ನಾ ನಿನ್ನ ಅಣ್ಣಾ ಅನ್ನೂದಿಲ್ಲ."

ಐದು ದಿನವಾಯಿತು. ಅಡುಗೆ ಮಾಡಿ ಮುಚ್ಚಿಡುತ್ತಾಳೆ, ಸಾಲೆಗೆ ಹೋಗುತ್ತಾಳೆ. ನನ್ನ ಹೆಸರೂ ಹಿಡಿಯುವುದಿಲ್ಲ. ನಿನ್ನ ಮನೆಯ ಬಾಗಿಲ ತನಕ ಎರಡು ಸಲ ಬಂದು ಹೊರಳಿ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೀಗ ಮೂವತ್ತೆರಡು. ಆ ಕರೆ ಇನ್ನು ಬರುವುದಿಲ್ಲ, ನಾನು ಏನು ಮಾಡಿದರೂ ಬರುವುದಿಲ್ಲ. ನೀನು ಹಾರಿದ್ದರೆ ಏನಾಗುತ್ತಿತ್ತೋ — ಬದುಕುತ್ತಿದ್ದೆಯೋ, ಬೀಳುತ್ತಿದ್ದೆಯೋ — ಅದನ್ನು ತಿಳಿಯುವ ಹಕ್ಕು ನಿನ್ನದಾಗಿತ್ತು. ನಾನು ಕದ್ದದ್ದು ಅದನ್ನು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ಮೇಲೊಂದು ಭಾರ.

ನಾಳೆ ಬೆಳಿಗ್ಗೆ, ನೀನು ರಾಜೀನಾಮೆ ಕೊಡಲು ಹೊರಡುವ ಮೊದಲು, ಈ ಕಾಗದ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸುವ ತನಕ ಎದುರಿಗೆ ನಿಂತಿರುತ್ತೇನೆ. ಹೊಡೆದರೆ ಹೊಡೆ, ಪೊಲೀಸರ ಹತ್ತಿರ ಕರೆದೊಯ್ದರೆ ಬರುತ್ತೇನೆ. ಅಲ್ಲಿಯೂ ಇದನ್ನೇ ಹೇಳುತ್ತೇನೆ. ಆದರೆ ಒಂದು ಮಾತು. ನಿನ್ನ ಕಣ್ಣು ನೆಟ್ಟಗಿವೆ ಎಂದು ಇಲ್ಲಿ ಬರೆದಿದ್ದೇನೆ — ಅದನ್ನು ನನ್ನ ಮಾತಿನ ಮೇಲೆ ನಂಬಬೇಡ. ಮಿರಜಿಗೆ ಹೋಗು. ನನ್ನನ್ನು ಅರಿಯದ ಡಾಕ್ಟರೊಬ್ಬರು ನೋಡಿ ಹೇಳಲಿ. ನೀನು ಹೊರಡುವ ದಿನ ಬೆಳಗಿನ ಗಾಡಿಗೆ ಕಮಲಾ ನಿನ್ನ ಜೊತೆ ಬರುತ್ತಾಳೆ. ಅವಳೇ ಹೇಳಿ ಕಳಿಸಿದ್ದಾಳೆ, ನೆರೆಮನೆಯವರ ಬಾಯಿಂದ. ನಾನು ಸ್ಟೇಶನ್ನಿನ ತನಕವೂ ಬರುವುದಿಲ್ಲ.